ಮೂವತ್ತು ಸೆಕೆಂಡಿನ ಜೋಗುಳ

ತಿಕೋಟಾ
14 ಜುಲೈ 2024

ಕಾವ್ಯಾ,

ಅಂಚೆಯಲ್ಲಿ ಕಾಗದ ಬಂತೆಂದು ನಗಬೇಡ. ನಿನ್ನ ಪೇಜಿಗೆ ಮೂರು ಸಲ ಮೆಸೇಜು ಕಳಿಸಿದೆ. ಮೂರು ಸಲವೂ ಒಂದೇ ಉತ್ತರ ಬಂತು: ‘ನಿಮ್ಮ ಪ್ರೀತಿಗೆ ಶರಣು. ತೊಟ್ಟಿಲು ತೂಗುವ ಕೈಗಳಿಗೆ ನಮಸ್ಕಾರ.’ ನನ್ನ ತಮ್ಮ ಅಜಿತ ನೋಡಿ, “ಅಕ್ಕಾ, ಇದು ಆಕಿ ಬರದದ್ದಲ್ಲ, ಮಶೀನ ಕಳಸಿದ್ದು” ಅಂದ. ನಿನ್ನ ಹಳೆಯ ನಂಬರು ಹತ್ತುತ್ತಿಲ್ಲ. ಗಾಂಧಿ ಚೌಕದಲ್ಲಿರುವ ನಿಮ್ಮಪ್ಪನ ಸೀರೆ ಅಂಗಡಿಯ ವಿಳಾಸ ಮಾತ್ರ ನಾವು ಕಾಲೇಜಿಗೆ ಹೋಗುತ್ತಿದ್ದಾಗಿನದೇ. ಅದಕ್ಕೇ ಬರೆಯುತ್ತಿದ್ದೇನೆ. ‘ನಾವು ಕ್ಷೇಮ’ ಎಂದು ಪತ್ರ ಶುರು ಮಾಡಬೇಕೆಂದು ನನ್ನ ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತೇನೆ. ನಿನಗೆ ಹಾಗೆ ಬರೆಯಲು ಮನಸ್ಸಿಲ್ಲ.

ಹೋದ ಭಾನುವಾರ ಇಲ್ಲೇ ತಿಕೋಟಾದಲ್ಲಿ ನನ್ನ ಜೊತೆ ಕೆಲಸ ಮಾಡುವ ಟೀಚರೊಬ್ಬರ ಮೊಮ್ಮಗುವಿನ ತೊಟ್ಟಿಲ ಕಾರ್ಯವಿತ್ತು. ಘೋಣಸಗಿಯಿಂದ ಅಜ್ಜಿಯನ್ನೂ ಕರೆಸಿಕೊಂಡಿದ್ದೆ. ಮಗುವನ್ನು ತೊಟ್ಟಿಲಿಗೆ ಹಾಕಿದರು. ಸೋಬಾನ ಹಾಡುವವರು ಯಾರೂ ಇರಲಿಲ್ಲ. ಮಗುವಿನ ತಾಯಿ ಫೋನು ತೆಗೆದು ನಿನ್ನ ವಿಡಿಯೊ ಹಚ್ಚಿ ತೊಟ್ಟಿಲ ಹಗ್ಗಕ್ಕೆ ಆನಿಸಿ ಇಟ್ಟಳು. ಪೇಜಿನ ಹೆಸರು ‘ಕಾವ್ಯಾನ ತೊಟ್ಟಿಲ’. ಹಾಡಿನ ಕೆಳಗೆ ‘ನಮ್ಮ ಅಜ್ಜಿ ಕಲಿಸಿದ ಜೋಗುಳ’ ಎಂದು ಬರೆದಿತ್ತು.

ಮಲಗ ನನ ಮಗನ, ಮೆತ್ತಗ ಹಾಸೇನಿ
ಎರಿಹೊಲದ ತಂಪ ನೆರಳಾಗ, ನನ ಮಗನ
ತೂಗತಾವ ಗಾಳಿ ಮೆಲ್ಲಕ

ನಮ್ಮ ಅಜ್ಜಿ ಮಾಳವ್ವ ಊಟದ ಎಲೆ ಬಿಟ್ಟು ಎದ್ದು ಬಂದಳು. “ಯಾರ ಸತ್ತಾರ?” ಎಂದು ಕೇಳಿದಳು. “ಕೂಸಿನ ಎತ್ರಿ, ಮೊದಲ ಎತ್ರಿ!” ಎಂದು ಕೂಗುತ್ತ ತಾನೇ ತೊಟ್ಟಿಲಿಗೆ ಕೈ ಹಾಕಿ ಮಗುವನ್ನು ಎತ್ತಿಕೊಂಡಳು. ಮಗು ಕಿರುಚಿತು. “ಮುದಕಿಗಿ ಭ್ರಮಿ ಹಿಡದೈತಿ, ಹೊರಗ ಕರಕೊಂಡ ಹೋಗ್ರಿ” ಅಂದರು. ಅಷ್ಟು ಜನರ ಎದುರು ಆಕೆಯ ರಟ್ಟೆ ಹಿಡಿದು ಹೊರಗೆ ಕರೆತಂದವಳು ನಾನೇ.

ಅದು ಜೋಗುಳವಲ್ಲ ಕಾವ್ಯಾ. ನಮ್ಮಪ್ಪ ಹಣಮಂತ ಬಾವಿ ಕೆಲಸದಲ್ಲಿ ಮಣ್ಣು ಕುಸಿದು ಸತ್ತಾಗ ಅಜ್ಜಿ ಹಾಡ್ಯಾಡಿ ಅತ್ತ ಹಾಡು. ಎರಿಹೊಲದಲ್ಲಿ ಹಾಸಿದ್ದು ಹಾಸಿಗೆಯಲ್ಲ, ಅಪ್ಪನನ್ನು ಹೂಳಿದ ಕುಣಿ. ಅದರ ಮುಂದಿನ ಅರ್ಧ ಹೀಗಿದೆ:

ಸಣ್ಣಾಂವ ಇದ್ದಾಗ ಮಲಗಂದ್ರ ಮಲಗಲಿಲ್ಲ
ಏಳಂದ್ರ ಈಗ ಏಳವಲ್ಲಿ, ನನ ಮಗನ
ಹಣಮಂತಾ ಅಂದೇನಿ, ಓ ಅನ್ನೋ

ನನಗಾಗ ಆರು ವರ್ಷ, ಅಜಿತನಿಗೆ ಎರಡು. ಅವ್ವ ಅವನ ಹೆರಿಗೆಯಲ್ಲೇ ಹೋಗಿದ್ದಳು. ಅಜ್ಜಿ ‘ಓ ಅನ್ನೋ’ ಎಂದಾಗಲೆಲ್ಲ ಅಪ್ಪ ನಿಜವಾಗಿ ಓ ಅಂದಾನೆಂದು ನಾನು ಕಿವಿಗೊಟ್ಟು ಕೂತಿರುತ್ತಿದ್ದೆ.

ಆ ವಿಡಿಯೊ ತೆಗೆದುಹಾಕು. ನನಗೀಗ ಐದನೇ ತಿಂಗಳು. ವಿಜ್ಞಾನ ಕಲಿಸುವವಳು ನಾನು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಅಜ್ಜಿ ಊಟ ಬಿಟ್ಟಿದ್ದಾಳೆ. ಇನ್ನೊಂದು ಮಾತು. ನಿಮ್ಮ ಅಜ್ಜಿ ಗೌರಾಬಾಯಿ ನನಗೆ ಚಹಾ ಕೊಡುತ್ತಿದ್ದ ಲೋಟ ಹೊರಗಿನ ಕಿಟಕಿಯಲ್ಲಿ ಬೇರೆಯಾಗಿ ಇರುತ್ತಿತ್ತು. ನಾನು ಎಂದೂ ಆ ಮಾತು ಎತ್ತಿರಲಿಲ್ಲ. ನೀನು ‘ನಮ್ಮ ಅಜ್ಜಿ’ ಎಂದು ಬರೆಯದಿದ್ದರೆ ಈಗಲೂ ಎತ್ತುತ್ತಿರಲಿಲ್ಲ.

ಸಪ್ನಾ


ವಿಜಯಪುರ
2 ಆಗಸ್ಟ್ 2024

ನನ್ನ ಸಪ್ನಿ,

ಅಪ್ಪ ಅಂಗಡಿಯಿಂದ ಕಾಗದ ತಂದುಕೊಟ್ಟಾಗ ಅಕ್ಷರ ನೋಡಿಯೇ ಕೂಗಿಬಿಟ್ಟೆ. ಎಷ್ಟು ವರ್ಷವಾಯಿತೇ ನಿನ್ನ ಅಕ್ಷರ ನೋಡಿ! ಆಮೇಲೆ ಓದಿದೆ.

ನನಗೆ ಗೊತ್ತಿರಲಿಲ್ಲ. ಜೋಗುಳವೆಂದೇ ತಿಳಿದಿದ್ದೆ. ಅಜ್ಜಿಯ ಕಾಲು ಹಿಡಿದು ಕೇಳುತ್ತೇನೆ, ತಪ್ಪಾಯಿತು.

ಆದರೆ ತೆಗೆಯಲು ಆಗುವುದಿಲ್ಲ ಸಪ್ನಿ. ಸಿಟ್ಟಾಗದೆ ಓದು. ಬಬಲೇಶ್ವರದ ಗಂಡನ ಮನೆಯಿಂದ ನಾನು ಎರಡು ಟ್ರಂಕು ಹೊತ್ತು ತವರಿಗೆ ಬಂದಾಗ ಈ ಓಣಿಯಲ್ಲಿ ನನ್ನ ಹೆಸರು ‘ಬಿಟ್ಟ ಬಂದಾಕಿ’ ಎಂದಾಗಿತ್ತು. ತರಕಾರಿಗೆ ಹೋದರೂ ಅದೇ, ಗುಡಿಗೆ ಹೋದರೂ ಅದೇ. ಅಪ್ಪನ ಅಂಗಡಿಯ ಸೀರೆ ಉಟ್ಟು ವಿಡಿಯೊ ಮಾಡಿದೆ, ನಾಯಿಯೂ ನೋಡಲಿಲ್ಲ. ಆಮೇಲೆ ಏಜೆನ್ಸಿಯ ಒಬ್ಬ ಹೇಳಿದ: “ಮೇಡಂ, ಸೀರಿ ಎಲ್ಲಾರೂ ಉಡ್ತಾರ. ನಿಮಗ ಒಂದ ಗುರುತ ಬೇಕು, ಬ್ರ್ಯಾಂಡ್ ಬೇಕು. ಮಂದಿ ನಿಮ್ಮನ್ನ ಒಂದ ಶಬ್ದದಾಗ ನೆನಿಸಬೇಕು.” ಆ ಶಬ್ದ ತೊಟ್ಟಿಲು. ಈಗ ಅದೇ ಓಣಿಯ ಹೆಂಗಸರು “ತೊಟ್ಟಿಲ ಕಾವ್ಯಾ ಬಂದ್ಳ ನೋಡ್ರಿ” ಅನ್ನುತ್ತಾರೆ. ನಮ್ಮಪ್ಪ ಶಿವಯೋಗೆಪ್ಪ, ನನ್ನ ಕೈಯಿಂದ ಎರಡು ವರ್ಷ ನೀರು ಇಸಿದುಕೊಳ್ಳದಿದ್ದವನು, ಗಿರಾಕಿಗಳಿಗೆ ತಾನೇ ನನ್ನ ವಿಡಿಯೊ ತೋರಿಸುತ್ತಾನೆ.

ಕೂಸಿನ ಎಣ್ಣೆ ಮಾಡುವ ಕಂಪನಿಯೊಂದರ ಜೊತೆ ಮಾರ್ಚ್ ಕೊನೆಯವರೆಗೆ ಕರಾರು ಆಗಿದೆ. ಆ ಹಾಡು ತೆಗೆಯುವಂತಿಲ್ಲ, ಸಾವು ನೋವಿನ ಮಾತು ಪೇಜಿನಲ್ಲಿ ಬರುವಂತಿಲ್ಲ ಎಂದು ಅದರಲ್ಲೇ ಬರೆದಿದೆ. ‘ನಮ್ಮ ಅಜ್ಜಿ’ ಎಂದು ಪ್ರೀತಿಯಿಂದಲೇ ಬರೆದೆ. ಲೋಟದ ಮಾತು ನನಗೆ ನೆನಪಿರಲಿಲ್ಲ. ನೆನಪಿರದಿದ್ದದ್ದೇ ತಪ್ಪು, ಅಲ್ಲವೇ?

ಈ ಜೊತೆ ಒಂದು ಡಬ್ಬಿ ಕಳಿಸಿದ್ದೇನೆ. ಎಣ್ಣೆ, ಕುಲಾಯಿ, ಮೆತ್ತನೆಯ ದುಪ್ಪಟಿ. ಬರುವ ಕೂಸಿಗೆ. ಹೊಸ ನಂಬರು ಹಿಂದೆ ಬರೆದಿದ್ದೇನೆ. ಯಾವಾಗ ಬೇಕಾದರೂ ಹಚ್ಚು, ನಾನೇ ಎತ್ತುತ್ತೇನೆ.

ನಿನ್ನವಳೇ ಆದ
ಕಾವ್ಯಾ


ಘೋಣಸಗಿ
25 ಆಗಸ್ಟ್ 2024

ಕಾವ್ಯವ್ವಾ,

ನಾ ಮಾಳವ್ವ ಹೇಳಾಕತ್ತೇನಿ, ಸಪ್ನಾ ಬರಿಯಾಕತ್ತಾಳ. ಮಾರಿ ಗಂಟ ಹಾಕ್ಕೊಂಡ ಬರಿಯಾಕತ್ತಾಳ, ನೀ ಏನ ಮನಸಿಗಿ ಹಚ್ಕೋಬ್ಯಾಡ.

ನನ್ನ ಹಾಡ ಹಾಡಿದಿ ಅಂತ ನನಗ ಸಿಟ್ಟಿಲ್ಲವ್ವಾ. ಹಾಡೇನ ಹೊಲ ಏನ, ಬದುವ ಹಾಕಾಕ? ನಮ್ಮವ್ವನ ಬಾಯಾಗಿಂದ ನಾ ಎತ್ಕೊಂಡೆ, ನನ್ನ ಬಾಯಾಗಿಂದ ನೀ ಎತ್ಕೊಂಡಿ. ಸಪ್ನಾ ಕಲೀಲಿಲ್ಲ. ಆಕಿಗಿ ನಾಚಿಕಿ. ನಾ ದೊಡ್ಡವರ ಮನ್ಯಾಗ ಯಾರರೆ ಸತ್ರ ಅಂಗಳದಾಗ ಕುಂತ, ಸತ್ತವರ ಹೆಸರ ತಗೊಂಡ ಹಾಡ್ಯಾಡಿ ಅಳತಿದ್ನಿ. ಒಳಗ ಕರೀತಿರಲಿಲ್ಲ. ದೂರಿಂದ ನನ್ನ ಕೇರೂ ಮರದಾಗ ಜ್ವಾಳ ಸುರೀತಿದ್ರು. ಈಕಿ ಕಾಲೇಜಿಗಿ ಹ್ವಾದ ಮ್ಯಾಲ, “ಇನ್ನ ಯಾರ ಮನಿಗೂ ಅಳಾಕ ಹೋಗಬ್ಯಾಡ ಯಮ್ಮಾ, ನಮ್ಮ ಮಾನ ಹೋಗತೈತಿ” ಅಂದ್ಳು. ಖರೇನ ಅಂದ್ಳು. ಬಿಟ್ಟೆ. ಅಂದಿಂದ ನನ್ನ ಹಾಡ ಕೇಳಿದಾಕಿ ನೀ ಒಬ್ಬಾಕಿನ. ಇದನ್ನೂ ಬರಿ ಅಂದ್ರ ಸಪ್ನಾ ಬರಿಯವಲ್ಲಳು. ಬರಿ ಬೇ.

ಆದ್ರ ಅರ್ಧಾ ಹಾಡಿ ಬಿಡಬಾರದವ್ವಾ. ಈ ಹಾಡ ಹೆಸರ ಹೇಳಿ ಮುಗಸಬೇಕು. ಹೆಸರ ಹೇಳಿ, ಮಾರಿಗಿ ನೀರ ಹೊಡಕೊಂಡ ಏಳಬೇಕು. ಹೆಸರ ಹೇಳಲಿಲ್ಲ ಅಂದ್ರ ಅದು ಮನಿಮನಿ ತಿರಗತೈತಿ, ಯಾರನ್ನ ಮಲಗಸಲಿ ಅಂತ. ನಮ್ಮವ್ವ ಹೇಳಿದ ಮಾತಿದು. ಸಪ್ನಾ ನಗತಾಳ. ನಗಲಿ. ಆಕಿ ಹೊಟ್ಯಾಗ ಕೂಸೈತಿ, ನನಗ ನಗಿ ಬರವಲ್ದು.

ಫೋನಾಗಿಂದ ತಗಿ ಅಂತ ನಾ ಅನ್ನಂಗಿಲ್ಲ. ಅಷ್ಟ ಮಂದಿ ಕೇಳತಾರಂತಲ್ಲ, ಕೇಳಲಿ. ಪೂರಾ ಹಾಡ. ಹಣಮಂತನ ಹೆಸರ ತಗೊಂಡ ಮುಗಸ. ನಾ ಕೇಳೂದ ಇಷ್ಟ.

‘ನಮ್ಮ ಅಜ್ಜಿ’ ಅಂದಿಯಂತ. ಸಪ್ನಾಗ ಅದ ಚುಚ್ಚೈತಿ. ನನಗ ಛಲೋ ಅನಿಸ್ತು ನೋಡ. ಆದ್ರ ಅಜ್ಜಿ ಅಂದ ಮ್ಯಾಲ ನನ್ನ ಮಣ್ಣಿಗಿ ಬರಬೇಕ ಮತ್ತ. ಸುಮ್ಮ ಮಾರಿ ತೋರಿಸಿ ಹೋಗೂದಲ್ಲ, ಹಾಡಬೇಕು. ಮಾಳವ್ವಾ ಅಂತ ಕರದು ಮುಗಸಬೇಕು. ಸಪ್ನಾನ ಬಾಯಿಂದ ಆಗಂಗಿಲ್ಲ, ನನಗ ಗೊತ್ತೈತಿ. ನಾ ಹ್ವಾದ ದಿನ ನಿನಗ ಮೊದಲ ಫೋನ ಹಚ್ಚಂತ ಆಕಿಗಿ ಹೇಳೇನಿ. ಹೂಂ ಅಂದಾಳ.

ಮೈ ಕಡೆ ಲಕ್ಷ್ಯ ಇರಲಿ. ಬಾಳ ಸೊರಗೀದಿ ವಿಡಿಯೋದಾಗ.

ನಿನ್ನ ಮುದಕಿ
ಮಾಳವ್ವ

(ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಸಪ್ನಾ)


ಘೋಣಸಗಿ
19 ಡಿಸೆಂಬರ್ 2024

ಕಾವ್ಯಾ,

ನಾಲ್ಕು ತಿಂಗಳಾಯಿತು. ಅಜ್ಜಿಯ ಕಾಗದಕ್ಕೆ ಉತ್ತರ ಬರಲಿಲ್ಲ. ಅಂಚೆಯಲ್ಲಿ ಕಳೆದಿರಬೇಕೆಂದು ಆಕೆ ನಂಬಿದ್ದಾಳೆ. ನಾನು ಹಾಗೆ ನಂಬುವಷ್ಟು ಒಳ್ಳೆಯವಳಲ್ಲ. ನಿನ್ನ ಡಬ್ಬಿ ಬಿಚ್ಚಿರಲಿಲ್ಲ, ಈ ಕಾಗದದ ಜೊತೆಗೇ ಹಿಂದಿರುಗಿಸುತ್ತಿದ್ದೇನೆ.

ನವೆಂಬರ್ ಹದಿನೆಂಟಕ್ಕೆ ಹೆಣ್ಣು ಹುಟ್ಟಿತು. ಬಾಣಂತನಕ್ಕೆ ಇಲ್ಲಿಗೆ ಬಂದಿದ್ದೇನೆ. ನನ್ನ ಗಂಡ ರಾಜರತ್ನ ತೊಟ್ಟಿಲು ತಂದಿಟ್ಟು ತಿಂಗಳಾಯಿತು. ಅಜ್ಜಿ ಕಟ್ಟಗೊಡುತ್ತಿಲ್ಲ. “ಆ ಹಾಡ ಇನ್ನೂ ತಿರಗಾಕತ್ತೈತಿ, ತೊಟ್ಟಲ ಹುಡಿಕ್ಯಾಡತೈತಿ, ನಾ ಕೂಸಿನ ಕೆಳಗ ಬಿಡಂಗಿಲ್ಲ” ಅನ್ನುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಗೋಡೆಗೆ ಒರಗಿ ಕಾಲು ಚಾಚಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುತ್ತಾಳೆ. ಎಂಬತ್ತು ದಾಟಿದ ಮುದುಕಿ. ಮೊಣಕಾಲು ಬಾತಿವೆ. ಎದ್ದು ನಿಲ್ಲುವಾಗ ಅಜಿತ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಬೇಕು. ತೊಟ್ಟಿಲಿಗೆ ಹಾಕದೆ ಹೆಸರಿಡುವಂತಿಲ್ಲ, ಹಾಗಾಗಿ ಕೂಸಿಗಿನ್ನೂ ಹೆಸರಿಲ್ಲ.

ರಾಜರತ್ನ ಬುದ್ಧಿ ಹೇಳಿ ಸೋತ. ನಾನು ಬೈದೆ. “ನಿಮ್ಮ ಮೂಢನಂಬಿಕಿ ನನ್ನ ಮಗಳ ಮ್ಯಾಲ ಹಾಕಬ್ಯಾಡ್ರಿ” ಅಂದೆ. ಜನ್ಮದಲ್ಲಿ ಮೊದಲ ಸಲ ಆಕೆಗೆ ಬಹುವಚನ ಹಚ್ಚಿದೆ. ಆಕೆ ಕೂಸಿನ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಕರಾರು, ಬ್ರ್ಯಾಂಡು ನನಗೆ ತಿಳಿಯುವುದಿಲ್ಲ. ಮೂರು ಸಾಲು ಹಾಡಬೇಕು, ಒಂದು ಹೆಸರು ಹೇಳಬೇಕು. ಅಷ್ಟೇ. ಬೇಡಿಕೊಳ್ಳುತ್ತಿದ್ದೇನೆ ಎಂದೇ ತಿಳಿ.

ಸಪ್ನಾ


ವಿಜಯಪುರ
8 ಜನವರಿ 2025

ಸಪ್ನಿ,

ಅಜ್ಜಿಯ ಕಾಗದ ನನ್ನ ಹತ್ತಿರವೇ ಇದೆ. ಕಳೆದಿಲ್ಲ. ಉತ್ತರ ಬರೆಯಬೇಕೆಂದರೆ ನಿಜ ಬರೆಯಬೇಕಾಗಿತ್ತು, ಅದಕ್ಕೇ ಬರೆಯಲಿಲ್ಲ.

ಜೋಗುಳವೆಂದು ತಿಳಿದಿದ್ದೆ ಎಂದು ಬರೆದೆನಲ್ಲ, ಅದು ಸುಳ್ಳು. ನನಗೆ ಗೊತ್ತಿತ್ತು.

ಬಬಲೇಶ್ವರದಲ್ಲಿ ನನಗೆ ಏಳು ತಿಂಗಳಿಗೆ ಹೋಯಿತು. ಗಂಡು ಕೂಸು. ಯಾರಿಗೂ ಹೇಳಿಲ್ಲ, ನಿನಗೂ ಹೇಳಲಿಲ್ಲ. ನೀನು ಆಗಷ್ಟೇ ನೌಕರಿ ಸೇರಿದ್ದೆ, ಖುಷಿಯಲ್ಲಿದ್ದೆ. ನನಗೆ ತೋರಿಸಲೂ ಇಲ್ಲ, ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಅಲ್ಲಿ ಅಳಲು ಬಿಡಲಿಲ್ಲ. “ಹೆಸರಿಲ್ಲದ್ದಕ್ಕ ಏನ ಅಳತಿ” ಅಂದಳು ಅತ್ತೆ. ತವರಿಗೆ ಬಂದ ಮೇಲೆ ಅಳಬೇಕೆಂದರೂ ಅಳು ಬರಲಿಲ್ಲ. ಒಂದು ದಿನ ಬಸ್ಸು ಹತ್ತಿ ನಿಮ್ಮೂರಿಗೆ ಬಂದೆ. ನೀನು ಶಾಲೆಗೆ ಹೋಗಿದ್ದೆ. ಅಜ್ಜಿ ಹೊಲದ ಬೇವಿನ ಮರದ ಕೆಳಗೆ ತೊಗರಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿ ಕೋಲು ಕೆಳಗಿಟ್ಟಳು.

“ಅಳು ಬರವಲ್ದ ಅಜ್ಜಿ” ಅಂದೆ.

“ಹಂಗಾರ ನನ್ನ ಹಿಂದ ಅನ್ನ” ಅಂದಳು.

ಸಾಲು ಸಾಲಾಗಿ ಹೇಳಿಕೊಟ್ಟಳು. ಕೊನೆಗೆ ಹೆಸರು ಬಂತು. ನನ್ನ ಬಾಯಿ ನಿಂತಿತು, ನನ್ನ ಕೂಸಿಗೆ ಹೆಸರಿರಲಿಲ್ಲ. ಅಜ್ಜಿ ನನ್ನ ಗಲ್ಲ ಹಿಡಿದು, “ನನ್ನ ಮಗನ ಹೆಸರ ತಗೋ. ಹಣಮಂತ ಅನ್ನ. ಅವ ಏನ ಬ್ಯಾಡ ಅನ್ನಂಗಿಲ್ಲ” ಅಂದಳು. ಅಂದೆ. ಆಮೇಲೆ ಎಷ್ಟು ಅತ್ತೆನೆಂದರೆ ಅಜ್ಜಿಯೇ ನನ್ನ ಮುಖಕ್ಕೆ ನೀರು ಹೊಡೆದು ಎಬ್ಬಿಸಿದಳು. ನಿನಗೆ ಹೇಳಬಾರದೆಂದು ಅಜ್ಜಿಯಿಂದ ಆಣೆ ಹಾಕಿಸಿಕೊಂಡು ಬಂದೆ.

ವಿಡಿಯೊ ಮಾಡುವ ದಿನ ಪೂರ್ತಿಯೇ ಹಾಡಿದೆ. ಏಜೆನ್ಸಿಯವನು ಅರ್ಧಕ್ಕೆ ಕತ್ತರಿಸಿದ. “ಮೂವತ್ತ ಸೆಕೆಂಡ ದಾಟಿದ್ರ ಮಂದಿ ಬೆರಳಿಲೆ ಮುಂದ ಸರಿಸ್ತಾರ ಮೇಡಂ. ಮತ್ತ ಹಿಂದಿಂದ ಅಳೂ ಹಂಗ ಐತಿ” ಅಂದ. ಬೇಡ ಅನ್ನಬಹುದಾಗಿತ್ತು. ಅನ್ನಲಿಲ್ಲ. ಆ ತೊಟ್ಟಿಲಲ್ಲಿ ಮಲಗಿಸುವುದು ಒಂದು ಗೊಂಬೆ, ಬಟ್ಟೆ ಸುತ್ತಿ. ನನಗೆ ಅಷ್ಟೇ ಸಾಕೆನಿಸಿತು. ಮಲಗು ಎನ್ನುವಲ್ಲಿಗೆ ನಿಂತರೆ ಯಾರೂ ಸತ್ತಿರುವುದಿಲ್ಲ.

ಮಾರ್ಚ್ ಮೂವತ್ತೊಂದಕ್ಕೆ ಕರಾರು ಮುಗಿಯುತ್ತದೆ. ಏಪ್ರಿಲ್ ಒಂದನೇ ತಾರೀಖು ಪೂರ್ತಿ ಹಾಡಿ ಹಾಕುತ್ತೇನೆ, ನಿಮ್ಮಪ್ಪನ ಹೆಸರಿಟ್ಟು. ಆಮೇಲೆ ಪೇಜು ಉಳಿಯುವುದಿಲ್ಲ, ನನಗೆ ಗೊತ್ತು. ಮತ್ತೆ ‘ಬಿಟ್ಟ ಬಂದಾಕಿ’ ಆಗುತ್ತೇನೆ. ಆಗಲಿ. ಅಲ್ಲಿಯವರೆಗೆ ತಡೆದುಕೋ ಎಂದು ಅಜ್ಜಿಗೆ ಹೇಳು. ನನಗೆ ಧೈರ್ಯ ಅಷ್ಟೇ ಇರುವುದು ಸಪ್ನಿ.

ಕೂಸಿಗೆ ನನ್ನ ಮುತ್ತು. ಡಬ್ಬಿ ಹಿಂದೆ ಬಂದದ್ದು ಸರಿಯೇ ಆಯಿತು.

ಕಾವ್ಯಾ


ಘೋಣಸಗಿ
23 ಫೆಬ್ರವರಿ 2025

ಕಾವ್ಯಾ,

ಅಜ್ಜಿ ಹೋದಳು. ಇವತ್ತಿಗೆ ಹನ್ನೊಂದು ದಿನ.

ನಿನ್ನ ಕಾಗದ ಆಕೆಗೆ ಓದಿ ಹೇಳಿದ್ದೆ, ಬಬಲೇಶ್ವರದ ಮಾತು ಬಿಟ್ಟು. ಅದು ಆಕೆಗೆ ನನಗಿಂತ ಮೊದಲೇ ಗೊತ್ತಿತ್ತಲ್ಲ. “ಏಪ್ರಿಲ್ ಅಂದ್ರ ಯುಗಾದಿ ಆದ ಮ್ಯಾಲ?” ಎಂದು ಕೇಳಿದಳು. ಹೌದು ಅಂದೆ. “ಬಾಳ ದಿನ ಏನಿಲ್ಲ. ಅಲ್ಲೀತನಾ ಕೂಸಿನ ನಾ ಹಿಡಕೊಂಡಿರತೇನಿ” ಅಂದಳು.

ಆ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ರೊಟ್ಟಿ ಬಡಿದು ಹೊರಬಂದೆ. ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು, ಕೂಸು ತೊಡೆಯ ಮೇಲೆ ಮಲಗಿತ್ತು. ಇಬ್ಬರೂ ನಿದ್ದೆ ಮಾಡುತ್ತಿದ್ದಾರೆಂದು ನಾನು ಸಪ್ಪಳ ಮಾಡದೆ ಅಂಗಳ ಗುಡಿಸಿದೆ. ಕೂಸು ಎದ್ದು ಅತ್ತಾಗ ಆಕೆ ಏಳಲಿಲ್ಲ. ಕೂಸಿನ ಸುತ್ತ ಇದ್ದ ಕೈ ಬಿಡಿಸಲು ಅಜಿತನನ್ನು ಕರೆಯಬೇಕಾಯಿತು.

ನಿನಗೆ ಫೋನು ಹಚ್ಚುತ್ತೇನೆಂದು ಆಕೆಗೆ ಮಾತು ಕೊಟ್ಟಿದ್ದೆ. ಹಚ್ಚಲಿಲ್ಲ. ಮರೆತು ಅಲ್ಲ, ಗಡಿಬಿಡಿಯಲ್ಲೂ ಅಲ್ಲ. ಫೋನು ಕೈಯಲ್ಲಿ ಹಿಡಿದು ನಿನ್ನ ಹೆಸರಿನವರೆಗೆ ಹೋಗಿ ಮತ್ತೆ ಇಟ್ಟೆ. ನಿನ್ನ ಕೂಸಿನ ಸುದ್ದಿ ಓದಿ ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಕಾಗದದಲ್ಲಿ ಇನ್ನೊಂದು ಮಾತೂ ಇತ್ತು. ನನ್ನ ಅಪ್ಪನ ಹೆಸರನ್ನು ಆಕೆ ನಿನಗೆ ಕೊಟ್ಟಳು. ನನ್ನನ್ನು ಕೇಳದೆ, ನನಗೆ ಹೇಳದೆ. ನಾನು ಆಕೆಯ ಹಾಡಿಗೆ ನಾಚಿಕೊಂಡೆ, ನೀನು ಕೇಳಿ ಕಲಿತೆ. ಇಷ್ಟು ಸಣ್ಣ ಮನಸ್ಸು ನನ್ನದೆಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ಆಕೆಯ ಮಣ್ಣಾದರೂ ನನ್ನೊಬ್ಬಳದೇ ಇರಲಿ ಎನಿಸಿತು.

ಹೊಲದಲ್ಲಿ ಅಪ್ಪನ ಪಕ್ಕದಲ್ಲೇ ಕುಣಿ ತೋಡಿದರು. ರಾಜರತ್ನ ಬುದ್ಧ ವಂದನೆ ಹೇಳಿಸಿದ. ಮುಗಿಯಿತು. ಗಂಡಸರು ಎದ್ದು ನಿಂತರು, ಓಣಿಯ ಮುದುಕಿಯರು ಏಳಲಿಲ್ಲ. ನನ್ನ ಮುಖ ನೋಡುತ್ತ ಕೂತರು. ಊರಲ್ಲಿ ಯಾರೇ ಸತ್ತರೂ ಹಾಡ್ಯಾಡಿ ಅತ್ತವಳಿಗೆ ಒಬ್ಬರಾದರೂ ಹಾಡುತ್ತಾರೆಂದು ಕಾದರು. “ಒಂದ ನುಡಿ ಅನ್ನವ್ವಾ ಸಪ್ನಾ, ಹಂಗ ಕಳಸಬಾರದ ಆಕಿನ್ನ” ಅಂದರು.

ಸಾಲು ನನಗೂ ಬರುತ್ತವೆ. ಬಾಯಿ ತೆಗೆದೆ. ರಾಗ ಬರಲಿಲ್ಲ. “ಮಾಳವ್ವಾ” ಅಂದೆ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಕೇಳಿಸಿತು. ಇಬ್ಬರು ಹುಡುಗಿಯರು ತಲೆ ತಗ್ಗಿಸಿದರು. ಮತ್ತೆ ಕೂಗಲು ನನಗೆ ಧೈರ್ಯವಾಗಲಿಲ್ಲ.

ಆಗ ಅಜಿತ ಕಿಸೆಯಿಂದ ಫೋನು ತೆಗೆದ. ಪಾಪ, ಅವನಿಗೆ ತಿಳಿದದ್ದು ಅಷ್ಟೇ. ಅಜ್ಜಿಗೆ ಅಜ್ಜಿಯ ಹಾಡು ಕೇಳಿಸಬೇಕೆಂದು ಕುಣಿಯ ಅಂಚಿಗೆ ಕೂತು ನಿನ್ನ ವಿಡಿಯೊ ಹಚ್ಚಿ ಕೈ ಕೆಳಗೆ ಚಾಚಿ ಹಿಡಿದ. ಮಲಗ ನನ ಮಗನ, ಮೆತ್ತಗ ಹಾಸೇನಿ. ಮುದುಕಿಯರೆಲ್ಲ ಒಮ್ಮೆಲೇ ಅತ್ತರು. ತೂಗತಾವ ಗಾಳಿ ಮೆಲ್ಲಕ ಎಂಬಲ್ಲಿಗೆ ಬಂತು. ಮತ್ತೆ ಮೊದಲಿನಿಂದ ಶುರುವಾಯಿತು. ಮಲಗ ನನ ಮಗನ. ಮೂರು ಸಲ, ನಾಲ್ಕು ಸಲ. ಅದು ಹಾಗೇ ಸುತ್ತುತ್ತದಂತೆ, ತಾನಾಗಿ ನಿಲ್ಲುವುದಿಲ್ಲವಂತೆ. ಮುದುಕಿಯರು ಅಳು ನಿಲ್ಲಿಸಿ ಹೆಸರಿಗಾಗಿ ಕಾಯತೊಡಗಿದರು. ಹೆಸರು ಬರಲಿಲ್ಲ. ನನ್ನ ಹೆಗಲ ಮೇಲಿದ್ದ ಕೂಸು ನಿದ್ದೆ ಹೋಯಿತು.

ಅಜಿತ ತಲೆ ಎತ್ತಿ ನನ್ನನ್ನು ನೋಡಿದ. “ಅಕ್ಕಾ, ಇದರ ಮುಂದಿಂದ ಯಾರಿಗಿ ಬರತೈತಿ? ಯಾರರೆ ಇದ್ರ ಹೇಳ, ಗಾಡಿ ತಗೊಂಡ ಹೋಗಿ ಈಗ ಕರಕೊಂಡ ಬರತೇನಿ. ಅಲ್ಲೀತನಾ ಮಣ್ಣ ಹಾಕೂದ ಬ್ಯಾಡ” ಅಂದ.

ವಿಜಯಪುರ ಇಲ್ಲೇ ಇದೆ. ಗಾಂಧಿ ಚೌಕದಿಂದ ನೀನು ಬಂದು ಮುಟ್ಟುವವರೆಗೆ ಅವರೆಲ್ಲ ಕಾಯುತ್ತಿದ್ದರು. ನಿನ್ನ ನಂಬರು ನನ್ನ ಕೈಯಲ್ಲಿತ್ತು.

“ಯಾರಿಗೂ ಬರಂಗಿಲ್ಲ” ಅಂದೆ. ಅವನು ಫೋನು ಬಂದ್ ಮಾಡಿದ. ಮಣ್ಣು ಹಾಕಿದರು.

ಸಪ್ನಾ